ಕೆಳಗಿನ ದವಡೆ ಹಲ್ಲಿಗೆ ಇಂಪ್ಲಾಂಟ್: ಇಬ್ಬರು ಡಾಕ್ಟರು, ಎರಡು ಲೆಕ್ಕ. ಯಾರ ಮಾತು ಕೇಳಲಿ?

ಬೆಣ್ಣೆದೋಸೆ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 51 ವರ್ಷ. ಎಡಗಡೆ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲನ್ನು ಐದು ತಿಂಗಳ ಹಿಂದೆ ಕೀಳಿಸಿದೆ. ರೂಟ್ ಕೆನಾಲ್ ಮಾಡಿಸಿದ ಹಳೇ ಹಲ್ಲು. ಬೇರೇ ಸೀಳಿದೆ, ಉಳಿಸೋಕೆ ಆಗಲ್ಲ ಅಂದರು.

ಈಗ ಇಂಪ್ಲಾಂಟ್ (ದವಡೆ ಎಲುಬಿಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಕ್ಯಾಪ್ ಅಂದರೆ ಕೃತಕ ಹಲ್ಲು ಕಟ್ಟುವುದು) ಹಾಕಿಸೋಣ ಅಂತ ಇಬ್ಬರ ಹತ್ತಿರ ಹೋದೆ. ಮೊದಲನೆಯವರು ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ ಓಪಿಜಿ ಎಕ್ಸ್‌ರೇ ನೋಡಿ, "ಎಲುಬು ಚೆನ್ನಾಗಿದೆ, ಶುಕ್ರವಾರ ಬನ್ನಿ, ಅರ್ಧ ಗಂಟೆ ಕೆಲಸ" ಅಂದರು. 28 ಸಾವಿರ. ಎರಡನೆಯವರು ಲೇಡಿ ಡಾಕ್ಟರು. ಮೇಲೆ ಕೆಳಗೆ ಎರಡೂ ಕಡೆ ಅಳತೆ ತೆಗೆದುಕೊಂಡರು, ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್‌ಗೆ ಬರೆದುಕೊಟ್ಟರು. ಶುಗರ್ ಇಳಿಸಿಕೊಂಡು ಎರಡು ತಿಂಗಳು ಬಿಟ್ಟು ಬನ್ನಿ ಅಂದರು. ಎಲ್ಲ ಸೇರಿ 44 ಸಾವಿರ. ನನಗೆ ಎಂಟು ವರ್ಷದಿಂದ ಶುಗರ್ ಇದೆ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) 8.4.

ಎರಡನೆಯವರು ಸುಮ್ನೆ ಬಿಲ್ ಬೆಳೆಸುತ್ತಿದ್ದಾರಾ? ಮನೆಯವಳು ಬ್ರಿಡ್ಜ್ (ಅಕ್ಕಪಕ್ಕದ ಹಲ್ಲು ಅರೆದು ಅವುಗಳ ಆಸರೆಯಲ್ಲಿ ಕಟ್ಟುವ ಹಲ್ಲು) ಹಾಕಿಸಿ ಮುಗಿಸಿ ಅನ್ನುತ್ತಿದ್ದಾಳೆ. ಗೊತ್ತಿರುವವರು ಹೇಳಿ.

ಹಲ್ಲಿಲ್ಲದ ಹುಲಿ

ಹಲ್ಲಿದ್ದಾಗ ಕಡಲೆ ಇರಲಿಲ್ಲ ಅನ್ನೋ ಜಾತಿ ನಮ್ಮದು. ಕಡಲೆ ಬಂದ ಮೇಲೆ ಹಲ್ಲು ಕೊಂಡುಕೊಂಡೆ. ನನಗೆ ಬರೀ ಓಪಿಜಿ ನೋಡಿ ಹಾಕಿದರು. ಆರು ವರ್ಷ ಆಯಿತು, ಚಕ್ಕುಲಿ ಮುರಿಯುತ್ತಿದ್ದೇನೆ. ಸ್ಕ್ಯಾನು ಗೀನು ಎಲ್ಲ ದೊಡ್ಡ ಊರಿನ ಷೋಕಿ. ಶುಕ್ರವಾರ ಹೋಗಿ ಬನ್ನಿ ಸರ್.

ಕ್ಯಾಪ್ ಮಾಮ

ಹುಲಿಯಣ್ಣ, ನಿಮ್ಮದು ಚೆನ್ನಾಗಿ ಬಂದಿದೆ, ಸಂತೋಷ. ಆದರೆ ಚೆನ್ನಾಗಿ ಬರದೆ ಇದ್ದದ್ದು ನನ್ನ ಟೇಬಲ್‌ಗೆ ಬರುತ್ತದೆ. ನಾನು 19 ವರ್ಷದಿಂದ ಡೆಂಟಲ್ ಲ್ಯಾಬ್‌ನಲ್ಲಿ ಕ್ಯಾಪ್ ಮಾಡುತ್ತಿದ್ದೇನೆ.

ಅಳತೆ ನಮಗೆ ಬರುವಾಗ ಸ್ಕ್ರೂ, ಅಂದರೆ ಇಂಪ್ಲಾಂಟ್, ಆಗಲೇ ಎಲುಬಿನಲ್ಲಿ ಕೂತಿರುತ್ತದೆ. ಒಮ್ಮೆ ಹೀಗೇ ಒಂದು ಕೇಸ್ ಬಂತು. ಸ್ಕ್ರೂ ಕೆನ್ನೆ ಕಡೆಗೆ ವಾಲಿತ್ತು. ಎಲುಬು ಎಲ್ಲಿ ದಪ್ಪ ಇತ್ತೋ ಅಲ್ಲಿ ಹಾಕಿದ್ದಾರೆ, ತಪ್ಪಲ್ಲ. ಆದರೆ ಮೇಲಿನ ಹಲ್ಲು ಬಂದು ಕಚ್ಚುವ ಜಾಗಕ್ಕೂ ಸ್ಕ್ರೂಗೂ ಸಂಬಂಧವೇ ಇಲ್ಲ. ಕ್ಯಾಪನ್ನು ಒಂದು ಕಡೆಗೆ ಬಾಲ್ಕನಿ ಥರ ಚಾಚಿಸಬೇಕಾಯಿತು. ಆ ಬಾಲ್ಕನಿ ಅಡಿಯಲ್ಲಿ ಬ್ರಷ್ ಹೋಗುವುದಿಲ್ಲ, ಅನ್ನ ಹೋಗುತ್ತದೆ. ಮೇಲಿಂದ ಕಚ್ಚಿದಾಗಲೆಲ್ಲ ಕ್ಯಾಪನ್ನು ಇಂಪ್ಲಾಂಟಿಗೆ ಬಿಗಿದ ಒಳಗಿನ ಸಣ್ಣ ಸ್ಕ್ರೂ ಅಲುಗುತ್ತದೆ. ಒಂದೂವರೆ ವರ್ಷದಲ್ಲಿ ಅದೇ ಕ್ಯಾಪ್ ಎರಡು ಸಲ ವಾಪಸ್ ಬಂತು. ಬೈಸಿಕೊಂಡದ್ದು ನಾನು.

ಬೆಣ್ಣೆದೋಸೆಯವರೇ, ಆ ಮೇಡಂ ಎರಡೂ ಕಡೆ ಅಳತೆ ತೆಗೆದುಕೊಂಡರು ಅಂದಿರಲ್ಲ, ಅದು ಬಿಲ್ ಬೆಳೆಸೋಕೆ ಅಲ್ಲ. ಮೊದಲು ಕ್ಯಾಪ್ ಎಲ್ಲಿ ಕೂರಬೇಕು ಅಂತ ನೋಡಿ, ಆಮೇಲೆ ಸ್ಕ್ರೂ ಜಾಗ ಹುಡುಕುತ್ತಿದ್ದಾರೆ. ಅಂಥವರು ಸಿಕ್ಕರೆ ನನ್ನ ಕೆಲಸ ಅರ್ಧ ಆಗುತ್ತದೆ.

ಬಾಯಿ ತೆಗೀರಿ

ನಾನು ಪ್ರಾಸ್ತೊಡಾಂಟಿಸ್ಟ್, ಹಲ್ಲು ಕಟ್ಟುವ ವಿಭಾಗದವನು. ನಿಮ್ಮ ಬಾಯಿ ನೋಡದೆ ಹಾಕಿಸಿ, ಬೇಡ ಅಂತ ಹೇಳಲಾರೆ. ಲೆಕ್ಕ ಹೇಗೆ ಹಾಕುತ್ತೇವೆ ಅಂತ ಮಾತ್ರ ಹೇಳುತ್ತೇನೆ.

ಮಾಮ ಹೇಳಿದ್ದು ಸರಿ. ಮನೆ ಕಟ್ಟುವಾಗ ಪಾಯ ತೋಡುವ ಮೊದಲು ಗೋಡೆ ಎಲ್ಲಿ ಬರುತ್ತದೆ ಅಂತ ಗುರುತು ಹಾಕುತ್ತಾರಲ್ಲ, ಹಾಗೆ. ಎರಡೂ ದವಡೆಯ ಅಚ್ಚು ಜೋಡಿಸಿ, ಖಾಲಿ ಜಾಗದಲ್ಲಿ ಮೇಣದ ಹಲ್ಲು ಮಾಡಿ ಕೂರಿಸುತ್ತೇವೆ. ಈಗ ಕಂಪ್ಯೂಟರ್‌ನಲ್ಲೇ ಮಾಡುವವರೂ ಇದ್ದಾರೆ. ಅದನ್ನು ಮಾಡಿದಾಗ ಎಷ್ಟೋ ಸಲ ಬೇರೆ ಸತ್ಯ ಹೊರಬರುತ್ತದೆ. ಹಲ್ಲು ಕಿತ್ತ ಮೇಲೆ ಹಿಂದಿನ ಹಲ್ಲು ಮುಂದಕ್ಕೆ ವಾಲಿರುತ್ತದೆ, ಮೇಲಿನದು ಕೆಳಕ್ಕೆ ಇಳಿದಿರುತ್ತದೆ. ಸ್ಕ್ರೂಗೆ ಜಾಗ ಇರುತ್ತದೆ, ಕ್ಯಾಪ್‌ಗೆ ಎತ್ತರ ಇರುವುದಿಲ್ಲ. ಇದು ಸ್ಕ್ರೂ ಹಾಕಿದ ಮೇಲೆ ಗೊತ್ತಾದರೆ ಏನು ಮಾಡುತ್ತೀರಿ?

ಅಳತೆಗಳು ಹೀಗೆ. ಇಂಪ್ಲಾಂಟ್‌ಗೂ ಪಕ್ಕದ ಹಲ್ಲಿನ ಬೇರಿಗೂ ನಡುವೆ ಕನಿಷ್ಠ 1.5 ಮಿ.ಮೀ. ಎಲುಬು ಉಳಿಯಬೇಕು. ಎರಡು ಇಂಪ್ಲಾಂಟ್ ಅಕ್ಕಪಕ್ಕ ಇದ್ದರೆ ನಡುವೆ 3 ಮಿ.ಮೀ. ಕೆನ್ನೆ ಕಡೆ ಒಂದೂವರೆಯಿಂದ 2 ಮಿ.ಮೀ. ಎಲುಬು ಬೇಕು, ಇಲ್ಲದಿದ್ದರೆ ಅದು ಕರಗಿ ಒಸಡೂ ಕೆಳಗಿಳಿಯುತ್ತದೆ. ಕೆಳಗಿನ ದವಡೆಯೊಳಗೆ ಒಂದು ನರ ಹಾದುಹೋಗುತ್ತದೆ, ಅದರಿಂದ 2 ಮಿ.ಮೀ. ದೂರ ಇರಬೇಕು.

ಈಗ ಹೇಳಿ, ಓಪಿಜಿಯಲ್ಲಿ ಇದನ್ನೆಲ್ಲ ಅಳೆಯುವುದು ಹೇಗೆ? ಅದು ಚಪ್ಪಟೆ ಚಿತ್ರ. ಎತ್ತರ ಕಾಣುತ್ತದೆ, ಅದೂ ನಿಜಕ್ಕಿಂತ ಸುಮಾರು ಕಾಲು ಭಾಗ ಹಿಗ್ಗಿಕೊಂಡು. ದಪ್ಪ ಕಾಣುವುದೇ ಇಲ್ಲ. ಕೆಳದವಡೆಯಲ್ಲಿ ನಾಲಿಗೆ ಕಡೆ ಎಲುಬು ಒಳಕ್ಕೆ ತಗ್ಗಾಗಿರುತ್ತದೆ, ಬೋಗುಣಿ ಥರ. ಓಪಿಜಿ ನೋಡಿ ನೇರ ಕೊರೆದರೆ ಡ್ರಿಲ್ ಆ ತಗ್ಗಿನಲ್ಲಿ ಹೊರಬರಬಹುದು. ಅಲ್ಲಿ ರಕ್ತನಾಳ ಇದೆ. ನಾಲಿಗೆ ಅಡಿಯಲ್ಲಿ ರಕ್ತ ತುಂಬಿ ಬಾತುಕೊಂಡರೆ ಉಸಿರಾಟಕ್ಕೇ ತೊಂದರೆ. ಅಪರೂಪ, ಆದರೆ ಆಗಿದೆ.

ಹುಲಿಯವರಿಗೆ ಒಳ್ಳೆಯದಾಗಿದೆ ಅಂದರೆ ಎಲುಬು ದಪ್ಪ ಇತ್ತು. ಅದು ಓಪಿಜಿಗೆ ಗೊತ್ತಿರಲಿಲ್ಲ ಅಷ್ಟೆ.

ಬೆಣ್ಣೆದೋಸೆ ದಾವಣಗೆರೆ

ಸರ್, ತುಂಬಾ ಥ್ಯಾಂಕ್ಸ್. ನರದ ಮಾತು ಕೇಳಿ ಸ್ವಲ್ಪ ಭಯ ಆಯಿತು. ಬ್ರಿಡ್ಜ್ ಬಗ್ಗೆ ಏನಂತೀರಿ? ಮತ್ತೆ ಆ ಮೇಡಂ ಗೈಡ್ ಅಂತ ಒಂದು ಬೇರೆ ಹೇಳಿದರು, ಅದು ಬೇಕೇ ಬೇಕಾ?

ಸುಮಕ್ಕ ಹುಬ್ಬಳ್ಳಿ

ನರದ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ತಂಗಿಗೆ ಆಗಿದ್ದು. ಯಾವ ಊರು, ಯಾವ ಕ್ಲಿನಿಕ್ಕು ಅಂತ ಕೇಳಬೇಡಿ, ಹೇಳಲ್ಲ.

ಸಂಜೆ ಇಂಪ್ಲಾಂಟ್ ಹಾಕಿಸಿಕೊಂಡು ಬಂದಳು. ಕೆಳತುಟಿ, ಗದ್ದ ಒಂದು ಕಡೆ ಮರಗಟ್ಟಿತ್ತು. ಇಂಜೆಕ್ಷನ್ ಇಳಿದಿಲ್ಲ ಅಂದುಕೊಂಡೆವು. ಮರುದಿನ ಬೆಳಿಗ್ಗೆಯೂ ಹಾಗೇ. ಫೋನ್ ಮಾಡಿದರೆ "ವಾರದಲ್ಲಿ ಸರಿಹೋಗುತ್ತೆ" ಅಂದರು. ವಾರ ಹೋಗಿ ತಿಂಗಳಾಯಿತು. ಚಹಾ ಕುಡಿದರೆ ತುಟಿಯಿಂದ ಸೋರುವುದು ಅವಳಿಗೆ ಗೊತ್ತಾಗುತ್ತಿರಲಿಲ್ಲ, ನಾವು ಹೇಳಬೇಕಿತ್ತು. ಆಮೇಲೆ ಬೇರೆ ಕಡೆ ಸ್ಕ್ಯಾನ್ ಮಾಡಿಸಿದರೆ ಸ್ಕ್ರೂ ತುದಿ ನರದ ಕೊಳವೆಯೊಳಗೆ ಇತ್ತು. ತೆಗೆಸಿದೆವು. ಈಗ ಮೂರು ವರ್ಷ. ಮುಕ್ಕಾಲು ಪಾಲು ಸ್ಪರ್ಶ ಬಂದಿದೆ, ಆದರೆ ಚಳಿಗಾಲದಲ್ಲಿ ಜುಮುಗುಡುತ್ತದೆ ಅನ್ನುತ್ತಾಳೆ. ಸ್ಕ್ಯಾನ್‌ಗೆ ಕೊಡುವ ದುಡ್ಡು ಉಳಿಸೋಕೆ ಹೋಗಬೇಡಿ ಅಣ್ಣ.

ಬಾಯಿ ತೆಗೀರಿ

ಸುಮಕ್ಕ, ಓದಿ ಬೇಜಾರಾಯಿತು. ಎಲ್ಲರಿಗೂ ಒಂದು ಮಾತು. ಮರಗಟ್ಟುವ ಇಂಜೆಕ್ಷನ್ ಸಾಮಾನ್ಯವಾಗಿ ಮೂರರಿಂದ ಐದು ಗಂಟೆಯಲ್ಲಿ ಇಳಿಯುತ್ತದೆ. ಮರುದಿನ ಬೆಳಿಗ್ಗೆಯೂ ತುಟಿ ಮರಗಟ್ಟಿದ್ದರೆ ಆ ಕ್ಷಣವೇ ಡಾಕ್ಟರಿಗೆ ಹೇಳಿ, ಸ್ಕ್ಯಾನ್ ಕೇಳಿ. ಇಂಪ್ಲಾಂಟ್ ನರವನ್ನು ಒತ್ತುತ್ತಿದ್ದರೆ ಮೊದಲ ಒಂದೂವರೆ ದಿನದೊಳಗೆ ತೆಗೆದರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. "ನೋಡೋಣ" ಅನ್ನುವ ಸಮಸ್ಯೆ ಅಲ್ಲ ಇದು.

ಒಂದು ಸಣ್ಣ ವಿಷಯ, ಎಷ್ಟೋ ಹೊಸ ಡಾಕ್ಟರು ಇಲ್ಲೇ ಎಡವುತ್ತಾರೆ. ಡ್ರಿಲ್ ಮೇಲೆ 10 ಮಿ.ಮೀ. ಗೆರೆ ಇರುತ್ತದೆ. ಆದರೆ ಕೆಲವು ಕಂಪನಿಗಳಲ್ಲಿ ಡ್ರಿಲ್‌ನ ಚೂಪು ತುದಿ ಆ ಲೆಕ್ಕದಲ್ಲಿ ಸೇರಿರುವುದಿಲ್ಲ. 10 ಅಂತ ಕೊರೆದರೆ ಹತ್ತಿರ ಹತ್ತಿರ 11 ಹೋಗಿರುತ್ತದೆ. ನರದಿಂದ 2 ಮಿ.ಮೀ. ಬಿಡುವುದು ಅದಕ್ಕೇ.

ಗೈಡ್ ಅಂದರೆ ನಿಮ್ಮ ಹಲ್ಲುಗಳ ಮೇಲೆ ಕೂರುವ ಪ್ಲಾಸ್ಟಿಕ್ ತಟ್ಟೆ, ಡ್ರಿಲ್ ಹೋಗಬೇಕಾದ ಜಾಗದಲ್ಲಿ ತೂತು ಇರುತ್ತದೆ. ಒಳ್ಳೆಯದೇ. ಆದರೆ ಗೈಡ್‌ನಲ್ಲೂ ಸರಾಸರಿ ಒಂದು ಮಿ.ಮೀ. ಆಚೀಚೆ ಆಗುತ್ತದೆ. ಅದು ಡ್ರಿಲ್‌ಗೆ ಸುರಿಯುವ ನೀರಿಗೂ ಅಡ್ಡ ಬರುತ್ತದೆ. ಎಲುಬು 47 ಡಿಗ್ರಿಗೆ ಒಂದು ನಿಮಿಷ ಬಿಸಿಯಾದರೆ ಅಲ್ಲಿನ ಜೀವಕೋಶ ಸಾಯುತ್ತವೆ, ಇಂಪ್ಲಾಂಟ್ ಹಿಡಿಯುವುದಿಲ್ಲ. ಹಾಗಾಗಿ ನನ್ನ ಅಭಿಪ್ರಾಯ: ಎಲುಬು ಧಾರಾಳ ಇದ್ದು ಒಂದೇ ದವಡೆ ಹಲ್ಲಾದರೆ ಅನುಭವಿಗಳು ಗೈಡ್ ಇಲ್ಲದೆಯೂ ಚೆನ್ನಾಗಿ ಹಾಕುತ್ತಾರೆ. ಅದನ್ನು ಬಿಡಬಹುದು. ಅಳತೆ ಮತ್ತು ಸ್ಕ್ಯಾನ್ ಬಿಡಬೇಡಿ.

ಬ್ರಿಡ್ಜ್ ಕೆಟ್ಟದ್ದಲ್ಲ. ಅಕ್ಕಪಕ್ಕದ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜೇ ಜಾಣತನ. ಅವು ಚೊಕ್ಕವಾಗಿದ್ದರೆ ಸುಮ್ನೆ ಯಾಕೆ ಅರೆಯಬೇಕು?

ಶುಗರ್ 8.4ರಲ್ಲಿ ನಾನೂ ಹಾಕುವುದಿಲ್ಲ. ಗಾಯ ನಿಧಾನ ಮಾಯುತ್ತದೆ, ಸೋಂಕು ಬೇಗ ಹಿಡಿಯುತ್ತದೆ. 7ರ ಆಸುಪಾಸಿಗೆ ತನ್ನಿ.

ಗೋಥೆನ್‌ಬರ್ಗ್ ಗೌಡ

ಇಲ್ಲಿ ಇಂಪ್ಲಾಂಟ್ ಚರ್ಚೆ ನೋಡಿ ಸುಮ್ಮನಿರಲಾಗಲಿಲ್ಲ. ನಾನು ಇರುವ ಸ್ವೀಡನ್ನಿನ ಈ ಊರೇ ಇದರ ತವರು. ಹಲ್ಲಿನ ಡಾಕ್ಟರ್ ಅಲ್ಲ, ಕಾರ್ ಕಂಪನಿ ಇಂಜಿನಿಯರ್.

ಪರ್ ಇಂಗ್ವಾರ್ ಬ್ರೋನೆಮಾರ್ಕ್ ಅನ್ನುವ ಸಂಶೋಧಕರು 1952ರಲ್ಲಿ ಮೊಲದ ಕಾಲಿನ ಎಲುಬಿನೊಳಗೆ ಟೈಟಾನಿಯಂ ಲೋಹದ ಪುಟ್ಟ ಡಬ್ಬಿ ಇಟ್ಟು ರಕ್ತದ ಓಡಾಟ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಕೀಳೋಕೆ ಹೋದರೆ ಅದು ಎಲುಬಿಗೆ ಬೆಸೆದುಕೊಂಡು ಬರಲೇ ಇಲ್ಲ. ಹಲ್ಲಿಗೆ ಸಂಬಂಧವೇ ಇಲ್ಲದ ಪ್ರಯೋಗ! 1965ರಲ್ಲಿ ಯೋಸ್ಟಾ ಲಾರ್ಸನ್ ಅನ್ನುವವರಿಗೆ ಇದೇ ಊರಲ್ಲಿ ಮೊದಲ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಅವರು 2006ರಲ್ಲಿ ತೀರಿಕೊಳ್ಳುವವರೆಗೂ ಅವೇ ಇಂಪ್ಲಾಂಟ್ ಬಳಸಿದರು. ಮೊದಮೊದಲು ಎಲುಬು ಬೆಸೆದುಕೊಳ್ಳಲಿ ಅಂತ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯುತ್ತಿದ್ದರಂತೆ.

ಹೋದ ಸಲ ಊರಿಗೆ ಬಂದಾಗ ಮೈಸೂರು ರಸ್ತೆಯಲ್ಲಿ "ಮೂರೇ ದಿನದಲ್ಲಿ ಹಲ್ಲು" ಅಂತ ಬೋರ್ಡ್ ನೋಡಿದೆ. ಡಾಕ್ಟ್ರೇ, ಇದು ನಿಜಾನಾ?

ಬಾಯಿ ತೆಗೀರಿ

ಅರ್ಧ ನಿಜ. ಇಡೀ ದವಡೆಗೆ ನಾಲ್ಕಾರು ಇಂಪ್ಲಾಂಟ್ ಹಾಕಿ ಎಲ್ಲವನ್ನೂ ಒಂದಕ್ಕೊಂದು ಬಿಗಿದು ಕಟ್ಟಿದರೆ ಬೇಗ ಹಲ್ಲು ಕೊಡಬಹುದು. ಇಂಪ್ಲಾಂಟ್ ತಿರುಗಿಸುವಾಗಲೇ ಎಲುಬು ಗಟ್ಟಿಯಾಗಿ ಹಿಡಿದಿರಬೇಕು, 35 ನ್ಯೂಟನ್ ಸೆಂಟಿಮೀಟರ್ (ತಿರುಗಿಸುವ ಬಿಗಿಯ ಅಳತೆ) ಅನ್ನುವುದು ರೂಢಿಯ ಲೆಕ್ಕ. ಆದರೆ ಒಂಟಿ ದವಡೆ ಹಲ್ಲಿಗೆ ಪಕ್ಕದಲ್ಲಿ ಆಸರೆ ಯಾರೂ ಇಲ್ಲ, ಭಾರ ಮಾತ್ರ ಎಲ್ಲರಿಗಿಂತ ಜಾಸ್ತಿ. ಅಲ್ಲಿ ಅವಸರ ಬೇಡ. ಬೋರ್ಡ್ ಮೇಲೆ ಬರೆಯುವಾಗ ಈ ವ್ಯತ್ಯಾಸ ಬರೆಯುವುದಿಲ್ಲ, ಅದೇ ನನ್ನ ತಕರಾರು.

ಶಿರಸಿ ಕಡೆಯವ

ಒಂದು ಪ್ರಶ್ನೆ. ನಮ್ಮಣ್ಣ ಮೂವತ್ತು ವರ್ಷದಿಂದ ಅಡಿಕೆ ಮೆಲ್ಲುತ್ತಾನೆ, ಈಚೆಗೆ ಗುಟ್ಕಾ ಕೂಡ. ದವಡೆ ಹಲ್ಲು ಎರಡು ಹೋಗಿವೆ. ಇಂಪ್ಲಾಂಟ್ ಕೇಳಿದ್ದಕ್ಕೆ ಆಗಲ್ಲ ಅಂದರಂತೆ. ಬಾಯಿ ಎರಡು ಬೆರಳೂ ತೆರೆಯುವುದಿಲ್ಲ.

ಬಾಯಿ ತೆಗೀರಿ

ಅಣ್ಣನಿಗೆ ಹಲ್ಲಿಗಿಂತ ಮೊದಲು ಬಾಯಿ ತೋರಿಸಿ. ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದು ಹಗ್ಗದಂತಾಗುತ್ತದೆ. ಸಾಮಾನ್ಯವಾಗಿ ಮೂರು ಬೆರಳು ಉದ್ದಕ್ಕೆ ಹಿಡಿಯಬೇಕು. ಎರಡೂ ಹಿಡಿಯದಿದ್ದರೆ ಡ್ರಿಲ್ ಹಿಂದಿನ ಹಲ್ಲಿನ ಜಾಗಕ್ಕೆ ನೆಟ್ಟಗೆ ಹೋಗುವುದೇ ಇಲ್ಲ. ಅದಕ್ಕಿಂತ ಮುಖ್ಯ, ಈ ಸ್ಥಿತಿ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಇಂಪ್ಲಾಂಟ್ ಮಾತು ಬದಿಗಿಟ್ಟು ಈ ವಾರವೇ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋಗಿ. ಅಡಿಕೆ, ಗುಟ್ಕಾ ಎರಡೂ ನಿಲ್ಲಬೇಕು.

ಮಲ್ಲೇಶ್ವರದ ಮೇಷ್ಟ್ರು

ಎಲ್ಲರೂ ಹಾಕುವಾಗಿನ ಕಥೆ ಹೇಳುತ್ತಿದ್ದೀರಿ. ನನ್ನದು ಹಾಕಿದ ಮೇಲಿನ ಕಥೆ.

ಇಂಪ್ಲಾಂಟ್ ಚೆನ್ನಾಗಿ ಕೂತಿತ್ತು, ಕ್ಯಾಪ್ ಸೊಗಸಾಗಿತ್ತು. ಎರಡು ವರ್ಷದ ಮೇಲೆ ಬ್ರಷ್ ಮಾಡುವಾಗ ರಕ್ತ. ನೋವಿಲ್ಲ ಅಂತ ಬಿಟ್ಟೆ. ಆಮೇಲೆ ಒತ್ತಿದರೆ ಕೀವು, ಬಾಯಿ ವಾಸನೆ. ಮನೆಯಲ್ಲಿ ಹೇಳಿದರು, ನನಗೆ ಗೊತ್ತೇ ಆಗಿರಲಿಲ್ಲ. ಬೇರೊಬ್ಬರ ಹತ್ತಿರ ಹೋದೆ. ಒಸಡು ಬಿಡಿಸಿ ನೋಡಿದರೆ ಕ್ಯಾಪ್ ಅಂಟಿಸಿದ ಸಿಮೆಂಟ್! ಅಕ್ಕಿ ಕಾಳಿನಷ್ಟು ಚೂರು ಒಸಡಿನೊಳಗೆ ಎರಡು ವರ್ಷ ಕೂತಿತ್ತು. ಸುತ್ತ ಎಲುಬು 3 ಮಿ.ಮೀ. ಕರಗಿತ್ತು. ತೆಗೆದು ಕ್ಲೀನ್ ಮಾಡಿದ ಮೇಲೆ ಕೀವು ನಿಂತಿದೆ. ಹೋದ ಎಲುಬು ವಾಪಸ್ ಬಂದಿಲ್ಲ.

ಕ್ಯಾಪ್ ಮಾಮ

ಮೇಷ್ಟ್ರೇ, ಅದಕ್ಕೇ ನಾನು ಡಾಕ್ಟರುಗಳಿಗೆ ಕಾಲು ಹಿಡಿದು ಹೇಳುವುದು, ಸಾಧ್ಯ ಇದ್ದಲ್ಲಿ ಸ್ಕ್ರೂ ಕ್ಯಾಪ್ ಮಾಡಿಸಿ ಅಂತ. ಕ್ಯಾಪ್ ನೆತ್ತಿಯಲ್ಲಿ ಒಂದು ತೂತು. ಅದರೊಳಗಿಂದ ಸಣ್ಣ ಸ್ಕ್ರೂ ಬಿಗಿದು, ಮೇಲೆ ಬಿಳಿ ಟೆಫ್ಲಾನ್ ಟೇಪ್ ತುರುಕಿ, ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕುತ್ತಾರೆ. ನಲ್ಲಿಗೆ ಪ್ಲಂಬರ್ ಸುತ್ತುತ್ತಾನಲ್ಲ, ಅದೇ ಟೇಪು, ನಗಬೇಡಿ. ಸಿಮೆಂಟ್ ಒಸಡಿಗೆ ಇಳಿಯುವ ಪ್ರಶ್ನೆಯೇ ಇಲ್ಲ. ಮುಂದೆ ಏನಾದರೂ ಆದರೆ ಫಿಲ್ಲಿಂಗ್ ತೆಗೆದು, ಸ್ಕ್ರೂ ಬಿಚ್ಚಿ, ಕ್ಯಾಪ್ ಕೈಗೆ ತೆಗೆದುಕೊಳ್ಳಬಹುದು. ಆದರೆ ಆ ತೂತು ಕ್ಯಾಪಿನ ನಡುವೆ ಬರಬೇಕಾದರೆ ಕೆಳಗೆ ಇಂಪ್ಲಾಂಟ್ ನೆಟ್ಟಗೆ ಕೂತಿರಬೇಕು. ಓರೆ ಹಾಕಿದರೆ ತೂತು ಕೆನ್ನೆ ಕಡೆ ಬರುತ್ತದೆ, ಆಗ ವಿಧಿಯಿಲ್ಲದೆ ಸಿಮೆಂಟು. ಮತ್ತೆ ಅಲ್ಲಿಗೇ ಬಂದೆವು ನೋಡಿ.

ಬಾಯಿ ತೆಗೀರಿ

ಮೇಷ್ಟ್ರ ಕಥೆಯಲ್ಲಿ "ನೋವಿಲ್ಲ ಅಂತ ಬಿಟ್ಟೆ" ಅನ್ನುವ ಸಾಲು ಇದೆ, ಅಲ್ಲಿ ನಿಲ್ಲಬೇಕು. ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ, ಒಳಗೆ ನರ ಇಲ್ಲ, ನೋವು ಬರುವುದು ತೀರಾ ತಡವಾಗಿ. ಒಸಡಿನಲ್ಲಿ ರಕ್ತ ಬಂದಾಗ ಎಲುಬು ಇನ್ನೂ ಕರಗಿಲ್ಲದಿದ್ದರೆ ಚೊಕ್ಕ ಮಾಡಿ ವಾಪಸ್ ತರಬಹುದು. ಎಲುಬು ಕರಗಲು ಶುರುವಾದ ಮೇಲೆ ತಡೆಯುವುದು ಕಷ್ಟ. ಕ್ಯಾಪ್ ಹಾಕಿದ ದಿನವೇ ಒಂದು ಎಕ್ಸ್‌ರೇ ತೆಗೆಸಿ ಇಟ್ಟುಕೊಳ್ಳಿ. ಮುಂದೆ ಎಲುಬು ಇಳಿದಿದೆಯಾ ಅಂತ ನೋಡಲು ಹೋಲಿಕೆಗೆ ಅದೇ ಆಧಾರ.

ಇನ್ನೊಂದು. ನಿಮ್ಮ ಹಲ್ಲು ಎಲುಬಿಗೆ ನೇರ ಅಂಟಿಲ್ಲ, ನಡುವೆ ತೆಳು ನಾರಿನ ಪದರ ಇದೆ, ಸ್ಕೂಟರಿನ ಶಾಕ್ ಅಬ್ಸಾರ್ಬರ್ ಥರ. ಜೋರಾಗಿ ಕಚ್ಚಿದರೆ ಹಲ್ಲು ಕೂದಲೆಳೆಯಷ್ಟು ಒಳಗಿಳಿಯುತ್ತದೆ. ಇಂಪ್ಲಾಂಟ್‌ಗೆ ಆ ಪದರ ಇಲ್ಲ. ಎಲ್ಲ ಹಲ್ಲೂ ಇಳಿದಾಗ ಇದೊಂದು ಇಳಿಯದೆ ನಿಂತು ಪೂರ್ತಿ ಭಾರ ಹೊರುತ್ತದೆ. ಹಾಗಾಗಿ ಮೆಲ್ಲಗೆ ಕಚ್ಚಿದಾಗ ಇಂಪ್ಲಾಂಟ್ ಕ್ಯಾಪ್ ಸ್ವಲ್ಪ ತಗ್ಗಿರಬೇಕು, ಜೋರಾಗಿ ಕಚ್ಚಿದಾಗ ಮಾತ್ರ ತಾಗಬೇಕು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಮೊದಲೇ ಹೇಳಿ, ಗಾರ್ಡ್ ಹಾಕಿಕೊಂಡು ಮಲಗಬೇಕು. ಪಿಂಗಾಣಿ ಚೂರು ಏಳುವುದು, ಸ್ಕ್ರೂ ಸಡಿಲ ಆಗುವುದು ಹೆಚ್ಚಾಗಿ ಇಂಥವರಲ್ಲೇ.

ಕ್ಯಾಪಿನ ಸ್ಕ್ರೂ ಬಿಗಿಯುವಾಗ ಕೈಯಂದಾಜು ಸಾಲದು. ಕಂಪನಿ ಹೇಳಿದ ಅಳತೆಗೆ, ಬಿಗಿ ಎಷ್ಟು ಅಂತ ತೋರಿಸುವ ಟಾರ್ಕ್ ರೆಂಚ್‌ನಲ್ಲಿ ಬಿಗಿದು, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಬಿಗಿಯಬೇಕು. ಮೊದಲ ಸಲದ ಬಿಗಿ ಸ್ವಲ್ಪ ಇಳಿದಿರುತ್ತದೆ. ಆ ಹತ್ತು ನಿಮಿಷ ಕೂರಿಸುವ ಡಾಕ್ಟರ ಮೇಲೆ ಸಿಟ್ಟಾಗಬೇಡಿ.

ಅಮ್ಮನ ಮಗಳು ತುಮಕೂರು

ಅಮ್ಮನಿಗೆ ಮೂಳೆ ಸವೆತಕ್ಕೆ ವರ್ಷಕ್ಕೊಂದು ಡ್ರಿಪ್ ಕೊಡುತ್ತಾರೆ. ಇಂಪ್ಲಾಂಟ್ ಹಾಕಿಸಬಹುದಾ? ಮತ್ತೆ ನನ್ನ ಮಗನಿಗೆ 15, ಕ್ರಿಕೆಟ್ ಆಡುವಾಗ ಮುಂದಿನ ಹಲ್ಲು ಹೋಯಿತು.

ಬಾಯಿ ತೆಗೀರಿ

ಅಮ್ಮನ ಡ್ರಿಪ್ ವಿಷಯ ಹಲ್ಲಿನ ಡಾಕ್ಟರಿಗೆ ಹೇಳಲೇಬೇಕು. ಆ ಔಷಧಿ ತೆಗೆದುಕೊಂಡವರಲ್ಲಿ ಕೆಲವೊಮ್ಮೆ ದವಡೆ ಎಲುಬಿನ ಗಾಯ ಮಾಯುವುದೇ ಇಲ್ಲ. ಮೂಳೆ ಡಾಕ್ಟರು, ಹಲ್ಲಿನ ಡಾಕ್ಟರು ಇಬ್ಬರೂ ಮಾತಾಡಿ ನಿರ್ಧರಿಸಲಿ. ಔಷಧಿಯನ್ನು ನೀವೇ ನಿಲ್ಲಿಸಬೇಡಿ.

ಮಗನಿಗೆ ಈಗ ಬೇಡ. ದವಡೆ ಇನ್ನೂ ಬೆಳೆಯುತ್ತಿದೆ. ಪಕ್ಕದ ಹಲ್ಲುಗಳು ಬೆಳೆಯುವ ಎಲುಬಿನ ಜೊತೆ ಸಾಗುತ್ತವೆ, ಇಂಪ್ಲಾಂಟ್ ಇದ್ದಲ್ಲೇ ಉಳಿದು ಗಿಡ್ಡ ಕಾಣುತ್ತದೆ. ಅಲ್ಲಿವರೆಗೆ ಅಂಟಿಸುವ ಬ್ರಿಡ್ಜ್ ಸಾಕು.

ಬೆಣ್ಣೆದೋಸೆ ದಾವಣಗೆರೆ (ಮೂರು ತಿಂಗಳ ನಂತರ)

ಅಪ್‌ಡೇಟ್. ಎರಡನೇ ಮೇಡಂ ಹತ್ತಿರವೇ ಹೋದೆ. ಶುಗರ್ 7.1ಕ್ಕೆ ಬಂತು, ಬೆಣ್ಣೆದೋಸೆ ಬಿಟ್ಟಿದ್ದೇನೆ, ಹೆಸರು ಮಾತ್ರ ಉಳಿದಿದೆ. ಸ್ಕ್ಯಾನ್ ಅನ್ನು ಪರದೆ ಮೇಲೆ ತೋರಿಸಿದರು. ಡಾಕ್ಟ್ರು ಹೇಳಿದ ಬೋಗುಣಿ ತಗ್ಗು ನನ್ನ ದವಡೆಯಲ್ಲೂ ಇತ್ತು! ಓಪಿಜಿಯಲ್ಲಿ 15 ಮಿ.ಮೀ. ಎತ್ತರ ಇದ್ದ ಜಾಗದಲ್ಲಿ ನಿಜವಾಗಿ ಬಳಸಬಹುದಾದದ್ದು 11. ಸ್ವಲ್ಪ ಗಿಡ್ಡ ಇಂಪ್ಲಾಂಟ್ ಆರಿಸಿ ಹಾಕಿದರು. ಗೈಡ್ ಬೇಡ ಅಂತ ಅವರೇ ಬಿಟ್ಟರು, ನಾಲ್ಕು ಸಾವಿರ ಉಳಿಯಿತು. ಸಂಜೆ ತುಟಿ ಚಿವುಟಿ ಚಿವುಟಿ ನೋಡಿಕೊಂಡೆ ಸುಮಕ್ಕ. ಸ್ಪರ್ಶ ಇತ್ತು.

ಹಲ್ಲಿಲ್ಲದ ಹುಲಿ (ಆಮೇಲೆ ಎರಡು ತಿಂಗಳಿಗೆ)

ಬೆಣ್ಣೆದೋಸೆಯವರೇ, ಇಲ್ಲಿ ಬರೆಯೋಕೆ ಸ್ವಲ್ಪ ನಾಚಿಕೆ. ನನ್ನ ಕ್ಯಾಪ್ ಅಲ್ಲಾಡುತ್ತಿದೆ. ಹಾಕಿದ ಕ್ಲಿನಿಕ್ ಮುಚ್ಚಿ ಅಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಮೂರು ಡಾಕ್ಟರ ಹತ್ತಿರ ಹೋದೆ, ಮೂವರೂ ಕೇಳುವುದು ಒಂದೇ, "ಯಾವ ಕಂಪನಿ ಇಂಪ್ಲಾಂಟು?" ನನಗೇನು ಗೊತ್ತು? ಯಾರ ಸ್ಕ್ರೂಡ್ರೈವರೂ ಕೂರುತ್ತಿಲ್ಲ.

ಬಾಯಿ ತೆಗೀರಿ

ಗಾಬರಿ ಬೇಡ. ಅಲ್ಲಾಡುತ್ತಿರುವುದು ಕ್ಯಾಪೋ ಇಂಪ್ಲಾಂಟೋ ಅಂತ ಮೊದಲು ನೋಡಬೇಕು. ಇಂಪ್ಲಾಂಟೇ ಅಲ್ಲಾಡಿದರೆ ಅದು ಹೋಯಿತು ಅಂತ ಲೆಕ್ಕ. ಒಳಗಿನ ಸ್ಕ್ರೂ ಸಡಿಲ ಆಗಿದ್ದರೆ ಬಿಗಿಯಬಹುದು. ಅಲ್ಲಿವರೆಗೆ ಆ ಕಡೆ ಅಗಿಯಬೇಡಿ, ಸಡಿಲ ಸ್ಕ್ರೂ ಒಳಗೇ ಮುರಿದರೆ ದೊಡ್ಡ ತಲೆನೋವು.

ಕ್ಯಾಪ್ ಮಾಮ

ಹುಲಿಯಣ್ಣ, ಒಂದು ಸ್ಪಷ್ಟ ಎಕ್ಸ್‌ರೇ ತೆಗೆಸಿ. ಇಂಪ್ಲಾಂಟ್‌ನ ಮರೆ (ಥ್ರೆಡ್), ಕುತ್ತಿಗೆ, ತುದಿಯ ಆಕಾರ ನೋಡಿ ಕಂಪನಿ ಊಹಿಸಬಹುದು, ನಾನು ಎಷ್ಟೋ ಸಲ ಮಾಡಿದ್ದೇನೆ. ನಿಮ್ಮ ಡಾಕ್ಟರು ನಮ್ಮ ಲ್ಯಾಬಿಗೆ ಕಳಿಸಲಿ. ಹಾಕಿದ ದಿನ ಡಬ್ಬಿಯ ಮೇಲಿನ ಸ್ಟಿಕ್ಕರ್ ಕೊಡುತ್ತಾರೆ, ಕಂಪನಿ, ಅಗಲ, ಉದ್ದ, ಲಾಟ್ ನಂಬರ್ ಎಲ್ಲ ಅದರಲ್ಲಿ ಇರುತ್ತದೆ. ಕೊಡದಿದ್ದರೆ ಕೇಳಿ ತೆಗೆದುಕೊಳ್ಳಬೇಕು.

ಬೆಣ್ಣೆದೋಸೆ ದಾವಣಗೆರೆ

ಮೊನ್ನೆ ಕ್ಯಾಪ್ ಹಾಕಿಸಿಕೊಂಡೆ. ಸ್ಕ್ರೂ ಕ್ಯಾಪೇ. ಹತ್ತು ನಿಮಿಷ ಸುಮ್ನೆ ಕೂರಿಸಿದರು, ನಾನು ಸಿಟ್ಟಾಗಲಿಲ್ಲ. ಎಕ್ಸ್‌ರೇಯನ್ನೂ ಆಗಲೇ ತೆಗೆದರು. ಹುಲಿಯವರ ಮೆಸೇಜ್ ಓದಿ ರಾತ್ರಿಯೇ ಮೇಡಂಗೆ ವಾಟ್ಸಪ್ ಮಾಡಿದೆ, ಸ್ಟಿಕ್ಕರ್ ಎಲ್ಲಿ ಅಂತ. ಬೆಳಿಗ್ಗೆ ಹೋಗಿ ತಂದೆ. ಮನೆಪತ್ರ, ಎಲ್‌ಐಸಿ ಬಾಂಡ್ ಇಡುವ ಕವರ್‌ನಲ್ಲಿ ಇಟ್ಟಿದ್ದೇನೆ. ಮನೆಯವಳು ನಕ್ಕಳು. ಹುಲಿಯಣ್ಣ, ನಿಮ್ಮ ಎಕ್ಸ್‌ರೇ ಏನಾಯಿತು, ಮಾಮನಿಗೆ ಗೊತ್ತಾಯಿತಾ?